ಆರ್‌ಟಿಎಕ್ಸ್ 3060 12 ಜಿಬಿಯೋ, 4060 8 ಜಿಬಿಯೋ?

ಎನ್‌ವಿಡಿಯಾದ ಈ ಎರಡು ಗ್ರಾಫಿಕ್ಸ್ ಕಾರ್ಡ್‌ಗಳಲ್ಲಿ 3060 ಬಂದದ್ದು 2021ರಲ್ಲಿ, 4060 ಬಂದದ್ದು 2023ರಲ್ಲಿ. ಹಳೆಯದರಲ್ಲಿ 3584 ಕುಡಾ ಕೋರ್ (ಲೆಕ್ಕ ಮಾಡುವ ಪುಟ್ಟ ಘಟಕಗಳು), ಹೊಸದರಲ್ಲಿ 3072 ಮಾತ್ರ. ಆದರೂ 1080ಪಿ ಗೇಮ್‌ಗಳಲ್ಲಿ ಹೊಸದು ಸುಮಾರು ಶೇ 20ರಷ್ಟು ಮುಂದಿದೆ. ಕ್ಲಾಕ್ ವೇಗ ಹೆಚ್ಚಿದೆ, ಚಿಪ್ಪಿನೊಳಗಿನ ವೇಗದ ಮೆಮೊರಿಯಾದ ಎಲ್2 ಕ್ಯಾಶ್ 3 ಎಂಬಿಯಿಂದ 24ಕ್ಕೆ ಏರಿದೆ. ವಿದ್ಯುತ್ ಬಳಕೆ 170 ವ್ಯಾಟ್‌ನಿಂದ 115ಕ್ಕೆ ಇಳಿದಿರುವುದಂತೂ ದೊಡ್ಡ ಲಾಭ: ಚಿಕ್ಕ ಕ್ಯಾಬಿನೆಟ್ಟೂ ಬಿಸಿಯೇರುವುದಿಲ್ಲ.

ತೊಂದರೆಯೆಲ್ಲ ಮೆಮೊರಿಯದ್ದು. 4060ರ ಬಸ್, ಅಂದರೆ ಮೆಮೊರಿಗೆ ಹೋಗುವ ದಾರಿ, 128 ಬಿಟ್ ಅಗಲ; ಅದರಲ್ಲಿ ಸೆಕೆಂಡಿಗೆ 272 ಜಿಬಿ ಡೇಟಾ ಸಾಗುತ್ತದೆ. 3060ರದ್ದು 192 ಬಿಟ್, 360 ಜಿಬಿ. ಗೇಮ್‌ನಲ್ಲಿ ಟೆಕ್ಸ್ಚರ್ (ಮೇಲ್ಮೈಗಳ ಚಿತ್ರ) ಗುಣಮಟ್ಟವನ್ನು ಅಲ್ಟ್ರಾಗೆ ಇಟ್ಟು 8 ಜಿಬಿ ತುಂಬಿತೆಂದರೆ ಉಳಿದದ್ದು ಸಿಸ್ಟಮ್ ರ್‍ಯಾಮ್‌ಗೆ ಹೋಗುತ್ತದೆ. ಕ್ಯಾಮೆರಾ ತಿರುಗಿಸಿದಾಗ ಆಟ ಜಗ್ಗುತ್ತದೆ, ಗೋಡೆಯ ಇಟ್ಟಿಗೆಗಳು ಮಸುಕಾಗಿಯೇ ಉಳಿಯುತ್ತವೆ. ಕಾರ್ಡ್ ಕೂರುವ ಸ್ಲಾಟ್ ಹಳೆಯ ಪಿಸಿಐಇ 3.0 ಆಗಿರುವ ಮದರ್‌ಬೋರ್ಡಿನಲ್ಲಿ ಇದು ಇನ್ನೂ ಜೋರು, ಏಕೆಂದರೆ 4060 ಬಳಸುವುದು ಆ ಸ್ಲಾಟಿನ 8 ಲೇನ್ (ಡೇಟಾ ಸಾಗುವ ಸಾಲು) ಮಾತ್ರ. ಟೆಕ್ಸ್ಚರ್ ಒಂದು ಹಂತ ಇಳಿಸಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ನಡುನಡುವೆ ಹೊಸ ಫ್ರೇಮ್‌ಗಳನ್ನು ಸೃಷ್ಟಿಸಿ ಸೇರಿಸುವ ಫ್ರೇಮ್ ಜನರೇಶನ್ ಇದಕ್ಕೆ ಮದ್ದಲ್ಲ. ಅದಕ್ಕೂ ಮೆಮೊರಿ ಬೇಕು.

ಬರೀ ಗೇಮಿಂಗ್, ಸ್ಟ್ರೀಮಿಂಗ್‌ಗಾದರೆ 4060 ತೆಗೆದುಕೊಳ್ಳಿ. ವಿಡಿಯೊವನ್ನು ಎವಿ1 ರೂಪದಲ್ಲಿ ಕುಗ್ಗಿಸುವ ಎನ್‌ಕೋಡರ್ ಎರಡರಲ್ಲಿ ಇರುವುದು ಅದರಲ್ಲೇ. 3ಡಿ ಸಾಫ್ಟ್‌ವೇರ್ ಬ್ಲೆಂಡರ್‌ನ ಭಾರೀ ಸೀನ್‌ಗಳಿಗೆ, ಮನೆಯ ಕಂಪ್ಯೂಟರಿನಲ್ಲೇ ಎಐ ಮಾದರಿ ಓಡಿಸುವವರಿಗೆ 12 ಜಿಬಿಯೇ ಬೇಕು.

3060ರಲ್ಲಿ 8 ಜಿಬಿಯ ಆವೃತ್ತಿಯೂ ಇದೆ, ಅದರ ಬಸ್ಸೂ 128 ಬಿಟ್. ಅದು ಬೇಡವೇ ಬೇಡ. ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ ದುಡ್ಡು ಕೊಡುವ ಮೊದಲು ಕಾರ್ಡಿನ ವಿವರ ತೋರಿಸುವ ಜಿಪಿಯು-ಝಡ್ ಸಾಫ್ಟ್‌ವೇರ್ ತೆರೆದು ಬಸ್ ವಿಡ್ತ್ 192 ಇದೆಯೇ ನೋಡಿ.