ಒಂದೇ ಖಾತೆ, ಹಲವು ಸೈಟು: ಯಾವ ಲಾಗಿನ್ ಸುಲಭ, ಯಾವುದು ಭದ್ರ?

ತಿಪಟೂರಿನ ನಮ್ಮ ಅಂಗಡಿಯಲ್ಲಿ ಝೆರಾಕ್ಸ್‌ಗಿಂತ ಆನ್‌ಲೈನ್ ಅರ್ಜಿಯ ಕೆಲಸವೇ ಜಾಸ್ತಿ. ಸ್ಕಾಲರ್‌ಶಿಪ್, ಪಹಣಿ, ಕೆಲಸದ ಅರ್ಜಿ, ಆನ್‌ಲೈನ್ ಕೋರ್ಸು, ಹೀಗೆ ಪ್ರತಿಯೊಂದಕ್ಕೂ ಒಂದು ಲಾಗಿನ್. ಜನ ಪಾಸ್‌ವರ್ಡ್ ಮರೆಯುತ್ತಾರೆ, ಇಲ್ಲವೇ ಎಲ್ಲ ಕಡೆ ಒಂದನ್ನೇ ಇಡುತ್ತಾರೆ. ಯಾವುದೋ ಒಂದು ಸೈಟಿನಿಂದ ಅದು ಸೋರಿದರೆ ಉಳಿದದ್ದೆಲ್ಲ ಬಯಲಾಗುತ್ತದೆ. ಒಂದೇ ಖಾತೆಯಿಂದ ಹಲವು ಸೈಟುಗಳಿಗೆ ಹೋಗುವ ದಾರಿಗಳನ್ನು ನನ್ನ ಖಾತೆಯಲ್ಲೂ ಮನೆಯವರ ಫೋನುಗಳಲ್ಲೂ ಬಳಸಿ ನೋಡಿದೆ. ಮುಖ್ಯವಾಗಿ ಎರಡು ವಿಷಯ ಗಮನಿಸಿದೆ. ಬೇರೆಯವರ ಕಂಪ್ಯೂಟರಿನಲ್ಲಿ ಲಾಗಿನ್ ಆದರೆ ಏನಾಗುತ್ತದೆ? ಫೋನ್ ಕಳೆದುಹೋದ ದಿನ ಏನಾಗುತ್ತದೆ?

ಮೊಬೈಲ್ ನಂಬರ್ ಕೊಟ್ಟು ಒಟಿಪಿ ಹಾಕುವುದು ಎಲ್ಲರಿಗೂ ಗೊತ್ತು, ಯಾರಿಗೂ ಹೇಳಿಕೊಡಬೇಕಿಲ್ಲ. ಆದರೆ ಕೇಳಿದವರಿಗೆಲ್ಲ ಒಟಿಪಿ ಓದಿ ಹೇಳುವ ಅಭ್ಯಾಸವೂ ಅದರ ಜೊತೆಗೇ ಬಂದಿದೆ. ಇನ್ನೊಂದು ತೊಂದರೆ ಸಿಮ್‌ನದ್ದು. ಬಂದ್ ಆದ ನಂಬರನ್ನು 90 ದಿನ ಕಳೆದ ಮೇಲೆ ಕಂಪನಿಗಳು ಬೇರೆಯವರಿಗೆ ಕೊಡಬಹುದು. ರೀಚಾರ್ಜ್ ಮಾಡಿಸದೆ ಬಿಟ್ಟ ಹಳೇ ನಂಬರೇ ಖಾತೆಯ ಬಾಗಿಲಾಗಿದ್ದರೆ, ನಿಮ್ಮ ಒಟಿಪಿ ಯಾರ ಫೋನಿಗೆ ಹೋಗುತ್ತದೋ ಹೇಳಲಾಗದು. ನನ್ನ ಪಟ್ಟಿಯಲ್ಲಿ ಇದು ಕೊನೆಗೆ.

ಹೆಚ್ಚು ಬಳಸಿದ್ದು 'ಗೂಗಲ್ ಮೂಲಕ ಮುಂದುವರಿಯಿರಿ' ಬಟನ್. ಇದರಲ್ಲಿ ನಿಮ್ಮ ಗೂಗಲ್ ಪಾಸ್‌ವರ್ಡ್ ಆ ಸೈಟಿಗೆ ಹೋಗುವುದೇ ಇಲ್ಲ. ಇವರು ಇಂಥವರೇ ಎಂದು ಗೂಗಲ್ ಒಂದು ಟೋಕನ್, ಅಂದರೆ ಡಿಜಿಟಲ್ ಗುರುತಿನ ಚೀಟಿ, ಕೊಡುತ್ತದೆ, ಸೈಟು ಅದನ್ನು ನಂಬುತ್ತದೆ. ಸಾಮಾನ್ಯವಾಗಿ ಸೈಟಿಗೆ ಸಿಗುವುದು ಹೆಸರು, ಇಮೇಲ್, ಫೋಟೋ ಅಷ್ಟೇ. ಕೆಲವು ಸೈಟುಗಳು ಡ್ರೈವ್, ಕಾಂಟ್ಯಾಕ್ಟ್ಸ್ ಕೂಡ ನೋಡಲು ಅನುಮತಿ ಕೇಳುತ್ತವೆ. ಕೋರ್ಸು ನೋಡಲು ಬಂದವರ ಕಾಂಟ್ಯಾಕ್ಟ್ಸ್ ಯಾಕೆ ಬೇಕು? ಆ ಪರದೆಯನ್ನು ಓದದೆ ಸುಮ್ನೆ ಒತ್ತಬೇಡಿ.

ಸುಲಭ ಅಂದರೆ ಇದೇ, ಅನುಮಾನವಿಲ್ಲ. ಆದರೆ ಅಂಗಡಿಯ ಕಂಪ್ಯೂಟರಿನಲ್ಲಿ ಇದರ ಇನ್ನೊಂದು ಮುಖ ಕಾಣುತ್ತದೆ. ಡಿಗ್ರಿ ಓದುವ ಹುಡುಗಿಯೊಬ್ಬಳು ಅರ್ಜಿ ತುಂಬಿ, ಆ ಸೈಟಿನಲ್ಲಿ ಲಾಗ್ ಔಟ್ ಒತ್ತಿ ಎದ್ದಳು. ಮುಂದೆ ಕೂತ ಹುಡುಗ ಬೇರೆ ಸೈಟು ತೆಗೆದು ಗೂಗಲ್ ಬಟನ್ ಒತ್ತಿದ. "ಅಕ್ಕಾ, ಇದು ನನ್ನ ಫೋಟೋ ಅಲ್ವಲ್ಲ" ಎಂದ. ಆ ಹುಡುಗಿಯ ಹೆಸರು, ಫೋಟೋ, ಇಮೇಲ್ ಎಲ್ಲ ಪರದೆಯ ಮೇಲಿತ್ತು. ಇನ್ನೊಂದು ಸಲ ಒತ್ತಿದ್ದರೆ ಅವಳ ಹೆಸರಲ್ಲೇ ಒಳಗೆ ಹೋಗುತ್ತಿದ್ದ. ಸೈಟಿನಿಂದ ಹೊರಬಂದರೂ ಗೂಗಲ್‌ನಿಂದ ಹೊರಬಂದಂತೆ ಆಗುವುದಿಲ್ಲ. ಎರಡೂ ಬೇರೆ ಬೇರೆ. ಅವತ್ತಿನಿಂದ ನಮ್ಮಲ್ಲಿ ಗಿರಾಕಿಗಳಿಗೆ ಕ್ರೋಮ್‌ನ ಗೆಸ್ಟ್ ವಿಂಡೋ ಮಾತ್ರ. ಕೆಲಸ ಮುಗಿದು ಅದನ್ನು ಮುಚ್ಚಿದರೆ ಲಾಗಿನ್ ಕೂಡ ಅಳಿಯುತ್ತದೆ. ನೀವು ಯಾವ ಸೈಬರ್ ಸೆಂಟರ್‌ಗೆ ಹೋದರೂ ಇದನ್ನೇ ಕೇಳಿ.

ಫೇಸ್‌ಬುಕ್ ಮೂಲಕವೂ ಹೀಗೇ ಲಾಗಿನ್ ಆಗಬಹುದು. ನಾನು ಅದನ್ನು ಬಿಟ್ಟೆ. 2018ರ ಸೆಪ್ಟೆಂಬರ್‌ನಲ್ಲಿ ಹೊರಬಿದ್ದ ದಾಳಿಯಲ್ಲಿ ಸುಮಾರು 3 ಕೋಟಿ ಖಾತೆಗಳ ಟೋಕನ್‌ಗಳೇ ಕಳ್ಳರ ಕೈಗೆ ಹೋಗಿದ್ದವು. ಪಾಸ್‌ವರ್ಡ್ ಎಷ್ಟು ಗಟ್ಟಿ ಇದ್ದರೂ ಅಲ್ಲಿ ಉಪಯೋಗಕ್ಕೆ ಬರುತ್ತಿರಲಿಲ್ಲ. ಆಪಲ್‌ನ ಲಾಗಿನ್ 2019ರಲ್ಲಿ ಬಂತು. ನಿಮ್ಮ ನಿಜವಾದ ಇಮೇಲ್ ಮುಚ್ಚಿಟ್ಟು ಸೈಟಿಗೆ ಬೇರೊಂದು ವಿಳಾಸ ಕೊಡುವ ಅದರ ವ್ಯವಸ್ಥೆ ನನಗೆ ತುಂಬಾ ಹಿಡಿಸಿತು. ಐಫೋನ್ ಇರುವವರು ಅದನ್ನೇ ಆರಿಸಿಕೊಳ್ಳಿ. ನಮ್ಮ ಅಂಗಡಿಗೆ ಬರುವವರ ಕೈಯಲ್ಲಿ ಐಫೋನ್ ಅಪರೂಪ.

ಸರ್ಕಾರಿ ಸೈಟುಗಳಿಗೆ ಡಿಜಿಲಾಕರ್ ಖಾತೆ ಒಳ್ಳೆಯದು. ಡಿಜಿಲಾಕರ್, ಇ-ಪ್ರಮಾಣ್, ಜನ್ ಪರಿಚಯ್ ಎಂಬ ಮೂರು ಸರ್ಕಾರಿ ಲಾಗಿನ್‌ಗಳನ್ನೂ ಸೇರಿಸಿದ 'ಮೇರಿ ಪೆಹಚಾನ್' 2022ರ ಜುಲೈನಲ್ಲಿ ಶುರುವಾಯಿತು, ಒಂದೇ ಖಾತೆಯಿಂದ ಹಲವು ಸರ್ಕಾರಿ ಸೈಟುಗಳಿಗೆ ಹೋಗುವ ವ್ಯವಸ್ಥೆ ಅದು. 6 ಅಂಕಿಯ ಪಿನ್ ನೆನಪಿದ್ದರೆ ಅರ್ಧ ಕೆಲಸ ಮುಗಿಯಿತು. ಆದರೆ ಆಧಾರ್‌ಗೆ ಜೋಡಿಸಿದ ನಂಬರ್ ಹಳೆಯದಾಗಿದ್ದರೆ ಇಲ್ಲೂ ಅದೇ ಒಟಿಪಿ ಗೋಳು. ಮೊದಲು ಆ ನಂಬರ್ ಸರಿಮಾಡಿಸಿಕೊಂಡು ಬನ್ನಿ ಎಂದೇ ನಾನು ಹೇಳುವುದು.

ನನಗೆ ನಿಜವಾಗಿ ಖುಷಿ ಕೊಟ್ಟಿದ್ದು ಪಾಸ್‌ಕೀ. ಗೂಗಲ್ ಖಾತೆಗೆ ಇದು 2023ರ ಮೇನಲ್ಲಿ ಬಂತು. ಫೋನಿನಲ್ಲಿ ಒಂದು ಗುಟ್ಟಿನ ಕೀ, ಸೈಟಿನ ಬಳಿ ಅದಕ್ಕೆ ಹೊಂದುವ ಇನ್ನೊಂದು ಕೀ. ನೀವು ಮಾಡುವುದು ಬೆರಳಿಡುವುದು, ಇಲ್ಲವೇ ಸ್ಕ್ರೀನ್ ಲಾಕ್ ಹಾಕುವುದು, ಅಷ್ಟೇ. ಬೆರಳಚ್ಚು ಫೋನ್ ಬಿಟ್ಟು ಹೊರಗೆ ಹೋಗುವುದಿಲ್ಲ. ಒಂದು ಸೈಟಿನ ಪಾಸ್‌ಕೀ ಆ ಸೈಟಿನ ವಿಳಾಸದಲ್ಲಿ ಬಿಟ್ಟು ಬೇರೆಲ್ಲೂ ಕೆಲಸ ಮಾಡದು. ಅಸಲಿಯಂತೆ ಕಾಣುವ ನಕಲಿ ಸೈಟಿನಲ್ಲಿ ನಮ್ಮ ಕಣ್ಣು ಮೋಸ ಹೋದರೂ ಪಾಸ್‌ಕೀ ಮೋಸ ಹೋಗುವುದಿಲ್ಲ. ಪಾಸ್‌ವರ್ಡ್‌ಗೂ ಒಟಿಪಿಗೂ ಈ ಶಕ್ತಿ ಇಲ್ಲ.

ಅಂಗಡಿಯ ಕಂಪ್ಯೂಟರಿನಲ್ಲೂ ನೋಡಿದೆ. ಪರದೆಯ ಮೇಲೆ ಕ್ಯುಆರ್ ಕೋಡ್ ಬರುತ್ತದೆ, ಫೋನಿನಲ್ಲಿ ಸ್ಕ್ಯಾನ್ ಮಾಡಿ ಬೆರಳಿಟ್ಟರೆ ಒಳಗೆ. ಕೀಬೋರ್ಡ್ ಮುಟ್ಟಿ ಪಾಸ್‌ವರ್ಡ್ ಒತ್ತುವುದೇ ಇಲ್ಲ. ಫೋನ್ ಹತ್ತಿರದಲ್ಲೇ ಇದೆ ಎಂದು ಖಾತ್ರಿಯಾಗಲು ಎರಡರಲ್ಲೂ ಬ್ಲೂಟೂತ್ ಆನ್ ಇರಬೇಕು. ನಮ್ಮ ಹಳೇ ಡೆಸ್ಕ್‌ಟಾಪ್‌ನಲ್ಲಿ ಬ್ಲೂಟೂತ್ ಇರಲಿಲ್ಲ, ಯುಎಸ್‌ಬಿ ಡಾಂಗಲ್ ಒಂದನ್ನು ಸಿಕ್ಕಿಸಿದ ಮೇಲೆ ಸರಿಹೋಯಿತು. ಒಂದು ಎಚ್ಚರ: ಈ ಕಂಪ್ಯೂಟರಿನಲ್ಲೇ ಪಾಸ್‌ಕೀ ಉಳಿಸಬೇಕಾ ಎಂದು ಕೇಳಿದರೆ ಬೇಡ ಎನ್ನಿ. ಅದು ನಿಮ್ಮ ಸ್ವಂತ ಫೋನಿನಲ್ಲಿ ಮಾತ್ರ ಇರಬೇಕು.

ಫೋನ್ ಕಳೆದರೆ? ಗೂಗಲ್‌ನಲ್ಲಿ ಉಳಿಸಿದ ಪಾಸ್‌ಕೀಗಳು ಹೊಸ ಆಂಡ್ರಾಯ್ಡ್ ಫೋನಿಗೆ ಬರುತ್ತವೆ, ಹಳೇ ಫೋನಿನ ಸ್ಕ್ರೀನ್ ಲಾಕ್ ನೆನಪಿರಬೇಕು. ಲಾಕೇ ಇಲ್ಲದ ಫೋನಿನಲ್ಲಿ ಪಾಸ್‌ಕೀ ಮಾಡಲಾಗುವುದಿಲ್ಲ. ಕೊಬ್ಬರಿ ಮಾರಲು ಬಂದು ಹಾಗೇ ಅಂಗಡಿಗೆ ಬರುವ ಹಿರಿಯರ ಫೋನುಗಳಲ್ಲಿ ಲಾಕ್ ಇರುವುದೇ ಕಡಿಮೆ. ಅವರಿಗೆ ಮೊದಲ ಪಾಠ ಅದೇ.

ಹಾಗಾಗಿ ನನ್ನ ಆಯ್ಕೆ ಇದು. ಗೂಗಲ್ ಖಾತೆಗೆ ಪಾಸ್‌ಕೀ ಹಾಕಿ, ಉಳಿದ ಸೈಟುಗಳಿಗೆ ಅದೇ ಖಾತೆಯಿಂದ ಹೋಗುವುದು. ಬ್ಯಾಂಕನ್ನು ಇದಕ್ಕೆ ಸೇರಿಸುವುದಿಲ್ಲ. ಎಲ್ಲ ಬೀಗಕ್ಕೂ ಒಂದೇ ಕೀ ಆದಾಗ ಆ ಕೀ ಜೋಪಾನ ಮಾಡಬೇಕಲ್ವಾ? 2 ವರ್ಷ ಮುಟ್ಟದೆ ಬಿಟ್ಟ ಖಾತೆಯನ್ನು ಗೂಗಲ್ ಅಳಿಸಬಹುದು, ಅರ್ಜಿಗೆಂದು ಮಾಡಿದ ಇಮೇಲನ್ನು ಆಗಾಗ ತೆರೆಯುತ್ತಿರಿ.

ಮನೆಗೆಲ್ಲ ಒಂದೇ ಫೋನ್ ಇರುವ ಕಡೆ ಮಾತ್ರ ಈ ಸಲಹೆ ಕೊಡುವುದಿಲ್ಲ. ಆ ಫೋನಿನ ಲಾಕ್ ಗೊತ್ತಿರುವ ಯಾರು ಬೇಕಾದರೂ ಮಗಳ ಪಾಸ್‌ಕೀ ಬಳಸಬಹುದು. ಅಂಥ ಹುಡುಗಿಯರಿಗೆ ಬೇರೆಲ್ಲೂ ಬಳಸದ ಉದ್ದನೆಯ ಪಾಸ್‌ವರ್ಡ್ ಇಟ್ಟು, ಪಾಸ್‌ವರ್ಡ್ ಆದ ಮೇಲೆ ಇನ್ನೊಂದು ಖಾತ್ರಿ ಕೇಳುವ ಟೂ ಸ್ಟೆಪ್ ಆನ್ ಮಾಡಿಸುತ್ತೇನೆ. ಆ ಎರಡನೇ ಖಾತ್ರಿಗೆ ಫೋನ್ ಬದಲು ಬಳಸಲು ಗೂಗಲ್ ಕೊಡುವ 10 ಬ್ಯಾಕಪ್ ಕೋಡ್‌ಗಳನ್ನು ಪ್ರಿಂಟ್ ತೆಗೆದು ಅವಳ ಕೈಗೇ ಕೊಡುತ್ತೇನೆ. ಒಂದೊಂದು ಕೋಡ್ ಒಂದೇ ಸಲಕ್ಕೆ, ಬಳಸಿದ್ದನ್ನು ಪೆನ್ನಿನಲ್ಲಿ ಹೊಡೆದುಹಾಕಬೇಕು.