ವಿ-ಕ್ರಾಸ್‌ಗೆ ಎರಡು ಪೈಪಿನ ಸೈಲೆನ್ಸರ್: ಮೂರು ವರ್ಷ, 41,000 ಕಿ.ಮೀ. ಆದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ಪವರ್ ಜಾಸ್ತಿ ಆಗುತ್ತೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ನನ್ನದು 2017ರ ಇಸುಜು ಡಿ-ಮ್ಯಾಕ್ಸ್ ವಿ-ಕ್ರಾಸ್ ಪಿಕಪ್, 2.5 ಲೀಟರ್ ಡೀಸೆಲ್, ಬಿಎಸ್ 4 (ಹೊಗೆ ಮಾಲಿನ್ಯದ ಹಳೇ ಮಾನದಂಡ). ವಾರಕ್ಕೊಮ್ಮೆ ರಾಜಾಜಿನಗರದಿಂದ ಕುಣಿಗಲ್ ಹತ್ತಿರದ ತೋಟಕ್ಕೆ ಹೋಗಿ ಬರುತ್ತದೆ. ಹೋಗುವಾಗ ಹಿಂಡಿ, ಗೊಬ್ಬರ. ಬರುವಾಗ ತೆಂಗಿನಕಾಯಿ. ಕಂಪನಿ ಸೈಲೆನ್ಸರ್ ತುಕ್ಕು ಹಿಡಿದು ತೂತಾಗಿತ್ತು. ಹೇಗೂ ಬದಲಿಸಬೇಕಲ್ವಾ, ಎರಡು ಪೈಪೇ ಹಾಕಿಸೋಣ ಅಂತ ಒಂದು ಚಪಲ ಬಂತು. ಅಷ್ಟೇ ಕಾರಣ.

ಅಮೆರಿಕದ ಪಿಕಪ್‌ಗಳಲ್ಲಿ ಎರಡು ಪೈಪಿಗೆ ಅರ್ಥ ಇದೆ. ಅಲ್ಲಿ ವಿ8 ಎಂಜಿನ್, ಆ ಕಡೆ ನಾಲ್ಕು ಸಿಲಿಂಡರ್, ಈ ಕಡೆ ನಾಲ್ಕು, ಒಂದೊಂದು ಸಾಲಿಗೆ ಒಂದೊಂದು ಪೈಪು. ನಮ್ಮದರಲ್ಲಿ ಇರೋದೇ ನಾಲ್ಕು ಸಿಲಿಂಡರ್, ಹೊಗೆಯೆಲ್ಲ ಒಂದೇ ಟರ್ಬೋದಿಂದ (ಹೊಗೆಯ ರಭಸಕ್ಕೆ ತಿರುಗಿ ಎಂಜಿನ್‌ಗೆ ಗಾಳಿ ತುಂಬುವ ಸಾಧನ) ಒಂದೇ ಪೈಪಿಗೆ ಬರುತ್ತದೆ, ಅದನ್ನು ಹಿಂದೆ ಹೋಗಿ ಎರಡು ಮಾಡುತ್ತೇವೆ. ಲೆಕ್ಕ ಹಾಕಿದರೆ 2 ಇಂಚಿನ ಎರಡು ಪೈಪಿನ ಒಳಜಾಗ ಸುಮಾರು 6.3 ಚದರ ಇಂಚು, 3 ಇಂಚಿನ ಒಂದೇ ಪೈಪಿನದು 7. ಗಾಳಿ ಸಲೀಸಾಗಿ ಹೋಗಬೇಕು ಅನ್ನೋದೇ ಮುಖ್ಯ ಆಗಿದ್ದರೆ ಒಂದು ದಪ್ಪ ಪೈಪು ಸಾಕಿತ್ತು. ನಾನು ನೋಟಕ್ಕೆ ಮಾಡಿಸಿದೆ, ಒಪ್ಪಿಕೊಳ್ಳುತ್ತೇನೆ.

ಮೊದಲು ಮಾಡಿಸಿದ ಕಡೆ ಕೈ ಸುಟ್ಟುಕೊಂಡೆ. ಹೆಸರು ಬೇಡ. 28,000 ರೂಪಾಯಿ. '304 ಸ್ಟೀಲ್ ಸಾರ್, ಮ್ಯಾಗ್ನೆಟ್ ಇಟ್ಟು ನೋಡಿ' ಅಂದರು. 304 ಅಂದರೆ ಸುಲಭಕ್ಕೆ ತುಕ್ಕು ಹಿಡಿಯದ ಒಳ್ಳೇ ಸ್ಟೇನ್‌ಲೆಸ್ ಸ್ಟೀಲ್. ಇಟ್ಟೆ, ಅಂಟಲಿಲ್ಲ, ಖುಷಿಯಾದೆ. ಆಮೇಲೆ ಗೊತ್ತಾಯಿತು, ಅಗ್ಗದ 202 ಸ್ಟೀಲಿಗೂ ಮ್ಯಾಗ್ನೆಟ್ ಅಂಟುವುದಿಲ್ಲ! 304ರಲ್ಲಿ ನಿಕಲ್ ಕಡಿಮೆ ಅಂದರೂ ಶೇ. 8 ಇರುತ್ತದೆ, 202ರಲ್ಲಿ ಅದನ್ನು ಇಳಿಸಿ ಮ್ಯಾಂಗನೀಸ್ ತುಂಬಿರುತ್ತಾರೆ. ಹಾಗಾಗಿ ಮ್ಯಾಂಗನೀಸ್ ಪತ್ತೆ ಹಚ್ಚುವ ದ್ರವ ಒಂದು ಹನಿ ಬಿಟ್ಟು, ಚಿಕ್ಕ 9 ವೋಲ್ಟ್ ಬ್ಯಾಟರಿ ತಾಗಿಸಿ ನೋಡಬೇಕು. 202 ಆದರೆ ಹನಿ ಕೆಂಪಾಗುತ್ತದೆ. ನನ್ನದು ಕುಂಕುಮದ ಹಾಗೆ ಕೆಂಪಾಯಿತು. ಅಷ್ಟರಲ್ಲಿ ಒಂದು ಮಳೆಗಾಲ ಮುಗಿದು, ವೆಲ್ಡಿಂಗ್ ಪಕ್ಕದಲ್ಲೆಲ್ಲ ಕಂದು ಕಲೆ ಬಂದಿತ್ತು.

ಅದಕ್ಕಿಂತ ದೊಡ್ಡ ರಗಳೆ ರಂಗೋಲಿಯದು. ಅವರು ಪೈಪಿನ ಬಾಯನ್ನು ಸ್ಟೈಲಾಗಿ ಕೆಳಕ್ಕೆ ಬಗ್ಗಿಸಿದ್ದರು. ಬೆಳಗ್ಗೆ ಐದೂವರೆಗೆ ಗಾಡಿ ರಿವರ್ಸ್ ತೆಗೆದರೆ ಎದುರುಮನೆ ಆಂಟಿ ಆಗ ತಾನೇ ಹಾಕಿದ ರಂಗೋಲಿ ಅರ್ಧ ಹಾರಿಹೋಗುತ್ತಿತ್ತು. ಎರಡು ಸಲ ಸುಮ್ಮನಿದ್ದರು. ಮೂರನೇ ಸಲ, 'ನೋಡಪ್ಪಾ, ನಿನ್ ಗಾಡಿ ಆದ್ಮೇಲೆ ನಾನು ರಂಗೋಲಿ ಹಾಕ್ಲಾ, ಇಲ್ಲಾ ನೀನೇ ಬಂದು ಹಾಕ್ಕೊಡ್ತೀಯಾ?' ಅಂದರು. ಮೋಟಾರು ವಾಹನ ನಿಯಮಗಳಲ್ಲೂ ಇದೇ ಮಾತಿದೆ, 112ನೇ ನಿಯಮ. ಹೊಗೆ ಕೆಳಕ್ಕೂ ಬಿಡಬಾರದು, ಎಡಪಕ್ಕಕ್ಕೂ ಬಿಡಬಾರದು. ಎರಡು ಪೈಪು ಹಾಕಿಸುವವರು ಎಡಗಡೆಯದನ್ನು ಚಕ್ರದ ಹಿಂದೆ ಪಕ್ಕಕ್ಕೆ ತಿರುಗಿಸುತ್ತಾರಲ್ಲ, ಅದೂ ತಪ್ಪೇ. ಎರಡೂ ನೇರ ಹಿಂದಕ್ಕೆ ನೋಡಬೇಕು.

ಎಲ್ಲ ಬಿಚ್ಚಿಸಿ ಪೀಣ್ಯದ ಒಂದು ಸಣ್ಣ ಶೆಡ್‌ನಲ್ಲಿ ಹೊಸದಾಗಿ ಮಾಡಿಸಿದೆ. 46,000 ಆಯಿತು, ನಾಲ್ಕು ದಿನ ಹಿಡಿಯಿತು. ಮೂರು ವರ್ಷ ಅಂದೆನಲ್ಲ, ಅದು ಇದರದ್ದು. ಮೇಸ್ತ್ರಿ ಮಾತು ಕಡಿಮೆ. ಕ್ಯಾಟ್ (ಹೊಗೆಯ ವಿಷ ಕಡಿಮೆ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್) ಮುಟ್ಟುವುದಿಲ್ಲ, ಅದರ ಹಿಂದಿನದು ಮಾತ್ರ ಮಾಡ್ತೀನಿ ಅಂತ ಮೊದಲೇ ಹೇಳಿದರು. ಅಲ್ಲೇ ನಂಬಿಕೆ ಬಂತು. ಹಳೇ ಪೈಪನ್ನು ಕತ್ತರಿಸಿ ಒಳಗೆ ತೋರಿಸಿದರು. ಹೊರಗೆ ಚೆನ್ನಾಗಿ ಕಾಣುತ್ತಿದ್ದ ವೆಲ್ಡಿಂಗು ಒಳಗೆ ಸೀದ ಬೆಲ್ಲದ ಪಾಕದ ಹಾಗೆ ಕಪ್ಪಗೆ, ಉಂಡೆ ಉಂಡೆ. ಬೆಂಡ್ ಇದ್ದ ಕಡೆ ಪೈಪು ಚಪ್ಪಟೆ. ಇವರು ಟಿಗ್ ವೆಲ್ಡಿಂಗ್ (ಆರ್ಗಾನ್ ಗ್ಯಾಸಿನ ರಕ್ಷಣೆಯಲ್ಲಿ ಮಾಡುವ ವೆಲ್ಡಿಂಗ್) ಮಾಡುವಾಗ ಪೈಪಿನ ಎರಡೂ ತುದಿಗೆ ಟೇಪ್ ಸುತ್ತಿ, ಗಾಳಿ ತಾಗಿ ಕಪ್ಪಾಗದಿರಲಿ ಅಂತ ಒಳಗಡೆಯೂ ಆರ್ಗಾನ್ ಬಿಟ್ಟರು. ಗ್ಯಾಸ್ ಖರ್ಚು ಜಾಸ್ತಿ ಅಂತ ಎಷ್ಟೋ ಜನ ಇದನ್ನು ಮಾಡಲ್ಲ. ಇವತ್ತಿಗೂ ಒಂದು ಜಾಯಿಂಟೂ ಬಿಟ್ಟಿಲ್ಲ.

ಆದರೆ ಅವರೂ ಒಂದು ಕಡೆ ಎಡವಿದರು. ಸೋಲೂರು ದಾಟಿದ ಮೇಲೆ ಪಂಕ್ಚರ್ ಆಯಿತು. ಸ್ಟೆಪ್ನಿ ಈ ಗಾಡಿಯಲ್ಲಿ ಹಿಂದೆ ಕೆಳಗಡೆ ಚೈನಿನಲ್ಲಿ ನೇತಾಡುತ್ತದೆ. ಇಳಿಸುತ್ತೇನೆ, ಎಡಗಡೆ ಪೈಪಿಗೆ ತಗುಲಿ ಕೂತುಬಿಟ್ಟಿತು. ಪೈಪು ಕೆಂಡದ ಹಾಗೆ ಕಾದಿದೆ. ಮುಕ್ಕಾಲು ಗಂಟೆ ಕಾದು, ಒದ್ದೆ ಗೋಣಿಚೀಲ ಸುತ್ತಿ, ಪೈಪು ನೇತುಹಾಕಿದ ಹ್ಯಾಂಗರ್ ರಬ್ಬರ್ ಕಿತ್ತು ಪೈಪನ್ನು ಪಕ್ಕಕ್ಕೆ ತಳ್ಳಿ ಚಕ್ರ ಇಳಿಸಿದೆ. ವಾಪಸ್ ಹೋಗಿ ಹೇಳಿದಾಗ ಮೇಸ್ತ್ರಿ ತಲೆ ಕೆರೆದುಕೊಂಡು ಆ ತುಂಡಿಗೆ ಬಿಚ್ಚುವ ಕ್ಲಾಂಪ್ ಹಾಕಿಕೊಟ್ಟರು, ದುಡ್ಡು ತಗೊಳ್ಳಲಿಲ್ಲ. ನೀವು ಮಾಡಿಸುವುದಾದರೆ ಶೆಡ್‌ನಿಂದ ಹೊರಡುವ ಮೊದಲು ಸ್ಟೆಪ್ನಿ ಒಂದು ಸಲ ಇಳಿಸಿ ನೋಡಿ. ಲೋಡ್ ಹಾಕಿ ಹಂಪ್ ಮೇಲೂ ಹತ್ತಿಸಿ, ಆಕ್ಸಲ್ ಮೇಲೆ ಬಂದಾಗ ಪೈಪಿಗೆ ಬಡಿಯಬಾರದು.

ಸೌಂಡ್ ಬಗ್ಗೆ. ಟರ್ಬೋನೇ ಅರ್ಧ ಸದ್ದು ನುಂಗುತ್ತದೆ, ಗುಡುಗು ಸಿಡಿಲು ಏನೂ ಇಲ್ಲ. ಆದರೆ ಮೊದಲು ಹಾಕಿದ ಚಿಕ್ಕ ಸೈಲೆನ್ಸರ್ ಡಬ್ಬಿಗೆ 1,800 ಆರ್‌ಪಿಎಂನಲ್ಲಿ ಕ್ಯಾಬಿನ್ ಒಳಗೆ ಗುಂಯ್ ಅಂತ ತಲೆ ತಿನ್ನುತ್ತಿತ್ತು. ಆ ಸ್ಪೀಡಿನಲ್ಲಿ ನಾಲ್ಕು ಸಿಲಿಂಡರ್ ಸೇರಿ ಸೆಕೆಂಡಿಗೆ 60 ಸಲ ಹೊಡೆಯುತ್ತವೆ. ಅದನ್ನು ತಡೆಯೋಕೆ ತುದಿ ಮುಚ್ಚಿದ ಪೈಪೊಂದನ್ನು ಪಕ್ಕಕ್ಕೆ ಕೂರಿಸಬಹುದು, ಆದರೆ ಅದು ಹತ್ತಿರ ಹತ್ತಿರ ಎರಡು ಮೀಟರ್ ಉದ್ದ ಬೇಕು. ಜಾಗ ಎಲ್ಲಿದೆ? ದೊಡ್ಡ ಡಬ್ಬಿ ಹಾಕಿಸಿದೆ, ಇನ್ನೂ 6,500. ಈಗ ಹೆಂಡತಿ ಪಕ್ಕದಲ್ಲಿ ನಿದ್ದೆ ಮಾಡುತ್ತಾಳೆ.

ಮೈಲೇಜ್ ಮೊದಲಿನಷ್ಟೇ. ಎಮಿಷನ್ ಟೆಸ್ಟ್ ಮಾಡುವ ಹುಡುಗ ಪ್ರತಿ ಸಲ 'ಯಾವ ಪೈಪಿಗೆ ಹಾಕ್ಲಿ ಸಾರ್' ಅಂತ ಕೇಳುತ್ತಾನೆ. ಬಲಗಡೆಯದಕ್ಕೆ ಹಾಕು ಅನ್ನುತ್ತೇನೆ, ಹೊಗೆ ಜಾಸ್ತಿ ಅಲ್ಲೇ. ಬಾಯೊಳಗೆ ಬೆರಳು ಆಡಿಸಿದರೆ ಬಲಗಡೆ ಕಾಡಿಗೆ, ಎಡಗಡೆ ಬರೀ ಬೂದಿ ಬಣ್ಣ. ಎಡಗಡೆಯ ದಾರಿ ಉದ್ದ, ತಿರುವು ಜಾಸ್ತಿ, ಅದಕ್ಕೆ. ಹೊಗೆ ಎಷ್ಟು ದಟ್ಟ ಅನ್ನೋ ಅಳತೆಯಲ್ಲಿ ಬಿಎಸ್ 4 ಡೀಸೆಲ್‌ಗೆ ಮಿತಿ 1.62, ನನ್ನದು ಒಂದರ ಒಳಗೇ ಬರುತ್ತದೆ.

ಪೊಲೀಸರು ಇದುವರೆಗೆ ನಿಲ್ಲಿಸಿಲ್ಲ. ನಿಲ್ಲಿಸಿದರೆ ವಾದ ಮಾಡೋಕೆ ನನ್ನ ಹತ್ತಿರ ಏನೂ ಇಲ್ಲ, ಯಾಕೆಂದರೆ ಕಂಪನಿ ಕೊಟ್ಟ ಗಾಡಿಯನ್ನು ಬದಲಾಯಿಸುವುದನ್ನು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಒಪ್ಪುವುದಿಲ್ಲ. ಬಿಎಸ್ 6 ಗಾಡಿ ಇರುವವರು ಕೈ ಹಾಕಲೇಬೇಡಿ, ಅದರಲ್ಲಿ ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಫಿಲ್ಟರ್), ಸೆನ್ಸರ್ ಎಲ್ಲ ಇರುತ್ತದೆ.

ಸದ್ಯಕ್ಕೆ ಒಂದೇ ತೊಂದರೆ. ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಮುಂದಿನ ಫ್ಲೆಕ್ಸ್ ಪೈಪಿನ (ಜಾಲರಿ ಹೊದಿಸಿದ, ಬಾಗುವ ತುಂಡು) ಹತ್ತಿರ ಟಿಕ್ ಟಿಕ್ ಸದ್ದು ಬರುತ್ತದೆ, ಬಿಸಿಯಾದ ಮೇಲೆ ನಿಲ್ಲುತ್ತದೆ. ಜಾಲರಿಯಲ್ಲಿ ಬೆರಳಗಲ ಮಸಿ ಕಾಣುತ್ತಿದೆ. ಮೇಸ್ತ್ರಿಗೆ ಫೋಟೋ ಕಳಿಸಿದ್ದೆ. 'ಫ್ಲೆಕ್ಸ್ ಹೋಗಿದೆ ಸಾರ್, ಮೂರೂವರೆ ಸಾವಿರ, ಶನಿವಾರ ಬನ್ನಿ' ಅಂದಿದ್ದಾರೆ.