ಹೋಮ್‌ವರ್ಕಿಗೆ ಅಂಕ ಕೊಟ್ಟೂ ನೋಡಿದೆ, ಕೊಡದೆಯೂ ನೋಡಿದೆ

ಗಣಿತ ಪಾಠ ಮಾಡುವ ನನ್ನ ಮೇಜಿನ ಮೇಲೆ ಆ ವಾರ 58 ಹೋಮ್‌ವರ್ಕ್ ಹಾಳೆಗಳಿದ್ದವು. ಮೊದಲ ಪ್ರಶ್ನೆ ರಿಯಲ್ ಅನಾಲಿಸಿಸ್‌ನ, ಅಂದರೆ ಕ್ಯಾಲ್ಕುಲಸ್‌ನ ತಳಹದಿಯನ್ನು ಸಾಧಿಸಿ ನೋಡುವ ಗಣಿತದ, ಮಾಮೂಲಿ ಲೆಕ್ಕ. ಎಕ್ಸ್ 2ರ ಹತ್ತಿರ ಹೋದರೆ ಎಕ್ಸ್ ವರ್ಗ 4ರ ಹತ್ತಿರ ಹೋಗುತ್ತದೆ ಎಂದು ಎಪ್ಸಿಲಾನ್-ಡೆಲ್ಟಾ ಹಿಡಿದು ಸಾಧಿಸಬೇಕು. ಎಕ್ಸ್ ವರ್ಗ 4ರಿಂದ ಎಪ್ಸಿಲಾನ್‌ಗಿಂತ ಕಡಿಮೆ ದೂರದಲ್ಲಿರಲು ಎಕ್ಸ್ 2ಕ್ಕೆ ಎಷ್ಟು ಹತ್ತಿರ ಇರಬೇಕು ಅನ್ನುವ ಅಳತೆಯೇ ಡೆಲ್ಟಾ. ಹೆಚ್ಚುಕಡಿಮೆ ಎಲ್ಲರ ಉತ್ತರವೂ ಸರಿಯಾಗಿತ್ತು: 1 ಮತ್ತು ಎಪ್ಸಿಲಾನ್‌ನ ಐದನೇ ಒಂದು ಭಾಗ, ಇವೆರಡರಲ್ಲಿ ಯಾವುದು ಚಿಕ್ಕದೋ ಅದೇ ಡೆಲ್ಟಾ. ಖುಷಿಯಿಂದ ಹತ್ತಕ್ಕೆ ಹತ್ತು ಹಾಕಿದೆ. ಮರುವಾರ ಕ್ಲಾಸಿನಲ್ಲೇ 2ರ ಬದಲು 3 ಇಟ್ಟು ಅದೇ ಲೆಕ್ಕ ಕೊಟ್ಟೆ. ಅರ್ಧಕ್ಕಿಂತ ಜಾಸ್ತಿ ಜನ ಮತ್ತೆ ಬರೆದದ್ದು ಐದನೇ ಒಂದು ಭಾಗವನ್ನೇ!

ಆ 5 ಆಕಾಶದಿಂದ ಬಿದ್ದದ್ದಲ್ಲ. ಎಕ್ಸ್ ವರ್ಗದಿಂದ 4 ಕಳೆದದ್ದನ್ನು ಅಪವರ್ತಿಸಿದರೆ 'ಎಕ್ಸ್ ಕೂಡಿಸು 2' ಎಂಬ ತುಂಡು ಸಿಗುತ್ತದೆ. ಎಕ್ಸ್ 2ರಿಂದ 1ಕ್ಕಿಂತ ಕಡಿಮೆ ದೂರದಲ್ಲಿದ್ದರೆ ಈ ತುಂಡು 5 ದಾಟುವುದಿಲ್ಲ. ಅಷ್ಟೇ ಕಥೆ. 3ರ ಲೆಕ್ಕದಲ್ಲಿ ಆ ತುಂಡು 'ಎಕ್ಸ್ ಕೂಡಿಸು 3', ಹಾಗಾಗಿ 5ರ ಜಾಗಕ್ಕೆ 7 ಬರಬೇಕು. ಹಾಳೆಯಲ್ಲಿ 5 ಇತ್ತು, ತಲೆಯಲ್ಲಿ ಇರಲಿಲ್ಲ.

ಅಲ್ಲಿಂದ ಮುಂದೆ ಹೋಮ್‌ವರ್ಕ್ ಕೊಡುವ ಬೇರೆ ಬೇರೆ ದಾರಿಗಳನ್ನು ಒಂದೊಂದೇ ಸೆಮಿಸ್ಟರ್ ಹಿಡಿದು ನೋಡಿದೆ.

ಮೊದಲು ಹಳೇ ಪದ್ಧತಿಯ ವಿಚಾರ. ವಾರಕ್ಕೆ ಐದು ಲೆಕ್ಕ, ಅಂತಿಮ ಫಲಿತಾಂಶದಲ್ಲಿ ಶೇ. 20 ಅದಕ್ಕೆ. 58 ಮಂದಿಯ 290 ಉತ್ತರ, ಒಂದೊಂದಕ್ಕೆ ಎರಡೇ ನಿಮಿಷ ಅಂದರೂ ಹತ್ತು ಗಂಟೆ ಹತ್ತಿರ. ತಿದ್ದಿ ವಾಪಸ್ ಕೊಡುವಷ್ಟರಲ್ಲಿ ಪಾಠ ಮಿತಿ (ಲಿಮಿಟ್) ಮುಗಿಸಿ ನಿರಂತರತೆಗೆ (ಕಂಟಿನ್ಯುಟಿ) ಬಂದಿರುತ್ತಿತ್ತು. ಇನ್ನು ನಕಲು. ಮಕ್ಕಳನ್ನು ಬೈದು ಪ್ರಯೋಜನ ಇಲ್ಲ. ಅಂಕ ಇದೆ ಅಂದಮೇಲೆ ತಪ್ಪಿರುವ ಹಾಳೆಯನ್ನು ಯಾರು ತಾನೇ ಕೊಡುತ್ತಾರೆ? ನಾನು ನೋಡಬೇಕಾಗಿದ್ದದ್ದೇ ಆ ತಪ್ಪುಗಳನ್ನು, ಅವರು ಬಚ್ಚಿಟ್ಟದ್ದೂ ಅವನ್ನೇ. ಮೊದಲು ಒಬ್ಬ ಜಾಣನ ನೋಟ್‌ಬುಕ್ ಕೈಯಿಂದ ಕೈಗೆ ಓಡಾಡುತ್ತಿತ್ತು. 2022ರ ಕೊನೆಗೆ ಚಾಟ್‌ಜಿಪಿಟಿ ಬಂದಮೇಲೆ ಆ ನೋಟ್‌ಬುಕ್ಕೂ ಬೇಡವಾಯಿತು.

ನಾನು ಕೆಂಪು ಶಾಯಿಯಲ್ಲಿ ಬರೆದದ್ದನ್ನಾದರೂ ಓದುತ್ತಿದ್ದರಾ? ಮೇಲಿನ ಅಂಕ ನೋಡಿ ಹಾಳೆ ಮಡಚಿಡುತ್ತಿದ್ದರು. ಶಾಲಾಮಕ್ಕಳ ಮೇಲೆ ಶಿಕ್ಷಣ ಸಂಶೋಧಕಿ ರೂತ್ ಬಟ್ಲರ್ ನಡೆಸಿ 1988ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲೂ ಇಂಥದ್ದೇ ಕಂಡಿತ್ತು. ಬರೀ ಟಿಪ್ಪಣಿ ಪಡೆದವರು ಮುಂದಿನ ಕೆಲಸವನ್ನು ಚೆನ್ನಾಗಿ ಮಾಡಿದರು, ಟಿಪ್ಪಣಿಯ ಜೊತೆ ಅಂಕವನ್ನೂ ಪಡೆದವರಿಗೆ ಆ ಲಾಭ ಸಿಗಲಿಲ್ಲ.

ಎರಡನೆಯದು ಆನ್‌ಲೈನ್. ಅಮೆರಿಕದ ರೋಚೆಸ್ಟರ್ ವಿಶ್ವವಿದ್ಯಾಲಯದಲ್ಲಿ 1990ರ ದಶಕದಲ್ಲಿ ಹುಟ್ಟಿದ ವೆಬ್‌ವರ್ಕ್ ಎಂಬ ಹೋಮ್‌ವರ್ಕ್ ತಂತ್ರಾಂಶ ಬಳಸಿದೆ, ಉಚಿತ. ಒಬ್ಬೊಬ್ಬರಿಗೆ ಒಂದೊಂದು ಸಂಖ್ಯೆ ಬರುತ್ತದೆ, ಉತ್ತರ ಸರಿಯೋ ತಪ್ಪೋ ಆಗಲೇ ತಿಳಿಯುತ್ತದೆ, ನನ್ನ ಹತ್ತು ಗಂಟೆ ಉಳಿಯುತ್ತದೆ. ಅವಕಲನ, ಅನುಕಲನದಲ್ಲಿ ಕೈ ಪಳಗಲು ಇದಕ್ಕಿಂತ ಒಳ್ಳೆಯದು ನನಗೆ ಸಿಕ್ಕಿಲ್ಲ. ಆದರೆ ಒಂದು ದಿನ ಲ್ಯಾಬಿನಲ್ಲಿ ಒಬ್ಬ ಹುಡುಗನ ಹಿಂದೆ ಸುಮ್ನೆ ನಿಂತು ನೋಡಿದೆ. ಮೈನಸ್ ಹಾಕಿದ, ತೆಗೆದ. 2ರಿಂದ ಗುಣಿಸಿದ, ಆಮೇಲೆ ಭಾಗಿಸಿದ. ಒಂಬತ್ತನೇ ಸಲ ಪರದೆ ಹಸಿರಾಯಿತು. "ಬಂತು ಸಾರ್!" ಅಂದ. ಏನು ಬಂತು ಅಂತ ಕೇಳಿದೆ. "ಹಸಿರು," ಅಂದ.

ಸಾಧನೆ (ಪ್ರೂಫ್) ಬರೆಯುವ ವಿಷಯಕ್ಕಂತೂ ಇದು ಬರುವುದಿಲ್ಲ.

ಮೂರನೆಯದು: ಹೋಮ್‌ವರ್ಕಿಗೆ ಅಂಕವೇ ಇಲ್ಲ, ಒಪ್ಪಿಸುವುದೂ ಬೇಡ, ವಾರಕ್ಕೊಮ್ಮೆ ಅದರಿಂದಲೇ 15 ನಿಮಿಷದ ಕ್ವಿಜ್. ನಕಲು ತಾನಾಗಿಯೇ ನಿಂತಿತು. ನನಗೆ ಇದೇ ಗೆದ್ದಿತು ಅನ್ನಿಸಿತ್ತು. ಒಂದೂವರೆ ತಿಂಗಳಾದ ಮೇಲೆ ಎರಡು ಸಂಗತಿ ಕಣ್ಣಿಗೆ ಬಿದ್ದವು. ಎರಡು ದಿನ ಒಂದೇ ಲೆಕ್ಕದ ಜೊತೆ ಗುದ್ದಾಡಿ ಸೊಗಸಾದ ಸಾಧನೆ ತರುತ್ತಿದ್ದ ಹುಡುಗಿಗೆ ಕ್ವಿಜ್‌ನಲ್ಲಿ ಸೊನ್ನೆ ಬರುತ್ತಿತ್ತು. ಇನ್ನೊಂದು ನನ್ನದೇ ತಪ್ಪು. 15 ನಿಮಿಷಕ್ಕೆ ಹಿಡಿಯುವ ಲೆಕ್ಕಗಳನ್ನೇ ಹುಡುಕಿ ಹೋಮ್‌ವರ್ಕಿಗೂ ಕೊಡಲು ಶುರುಮಾಡಿದ್ದೆ. ಕ್ವಿಜ್‌ನ ಅಳತೆಗೆ ಗಣಿತವನ್ನೇ ಕತ್ತರಿಸಿದ ಹಾಗೆ ಅಲ್ವಾ?

ನಾಲ್ಕನೆಯದು: ವಾರಕ್ಕೆ ಒಂದೇ ಲೆಕ್ಕ, ಆದರೆ ಗಟ್ಟಿಯಾದದ್ದು. ಮೊದಲ ಸಲ ಬರೆದದ್ದಕ್ಕೆ ಅಂಕ ಇಲ್ಲ, ಬರೀ ಟಿಪ್ಪಣಿ. ತಿದ್ದಿ ಬರೆದದ್ದಕ್ಕೆ ಅಂಕ. ಜೊತೆಗೆ ವಾರಕ್ಕೆ ಆರು ಮಂದಿ ಬೋರ್ಡಿನ ಮುಂದೆ ಐದೈದು ನಿಮಿಷ ತಮ್ಮ ಸಾಧನೆಯನ್ನು ವಿವರಿಸಬೇಕು. ಯಂತ್ರದಿಂದ ಬರೆಸಿಕೊಂಡು ಬಂದವರು "ಈ 5 ಎಲ್ಲಿಂದ ಬಂತು?" ಅನ್ನುವಷ್ಟರಲ್ಲೇ ಸಿಕ್ಕಿಬೀಳುತ್ತಾರೆ. ಮೂರನೇ ವಾರ ಒಂದು ಹಾಳೆಯ ಅಂಚಿನಲ್ಲಿ "ಇಲ್ಲಿ ಸಿಕ್ಕಿಕೊಂಡೆ, ಮುಂದೆ ಹೋಗಕ್ಕಾಗ್ತಿಲ್ಲ" ಅಂತ ಬರೆದಿತ್ತು. ಅಂಕ ಕೊಡುತ್ತಿದ್ದ ಕಾಲದಲ್ಲಿ ಇಂಥ ಒಂದು ಸಾಲನ್ನೂ ನಾನು ಕಂಡಿರಲಿಲ್ಲ.

ಇದಕ್ಕೂ ತೊಂದರೆಗಳಿವೆ. ಸೆಮಿಸ್ಟರ್ ಪೂರ್ತಿ ಹನ್ನೆರಡು ಲೆಕ್ಕ ಮಾಡಿದರೆ ಅಭ್ಯಾಸ ಸಾಲದು. 200 ಮಂದಿಯ ಕ್ಲಾಸಿನಲ್ಲಿ ಒಬ್ಬರೇ ಇದನ್ನು ನಡೆಸಲು ಆಗುವುದಿಲ್ಲ. ನಾಚಿಕೆಯ ಮಕ್ಕಳಿಗೆ ಬೋರ್ಡು ಅಂದರೆ ಹಿಂಸೆ, ಅವರು ನನ್ನ ಕೋಣೆಗೆ ಬಂದು ವಿವರಿಸಬಹುದು ಎಂದು ಮಾಡಿದೆ.

ಈಗ ಕ್ಯಾಲ್ಕುಲಸ್‌ಗೆ ಆನ್‌ಲೈನ್, ಅನಾಲಿಸಿಸ್ ಮತ್ತು ಆಲ್ಜೀಬ್ರಾಕ್ಕೆ ನಾಲ್ಕನೆಯದು, ಆಗಾಗ ಒಂದು ಕ್ವಿಜ್. ಹಳೇ ಪದ್ಧತಿಗೆ ಮಾತ್ರ ಮತ್ತೆ ಹೋಗಿಲ್ಲ.

ಕಳೆದ ಸಲ ಅದೇ 3ರ ಲೆಕ್ಕವನ್ನು ಮತ್ತೆ ಕೊಟ್ಟೆ. ಒಬ್ಬ 7ರ ಸುದ್ದಿಯೇ ಇಲ್ಲದೆ ಎಪ್ಸಿಲಾನ್‌ನ ಹದಿಮೂರನೇ ಎರಡು ಭಾಗ ಅಂತ ಬರೆದಿದ್ದ. ಗೆರೆ ಎಳೆಯಲು ಪೆನ್ನು ಎತ್ತಿದವನು ಮೇಲಿನ ಸಾಲು ನೋಡಿದೆ. ಎಲ್ಲರೂ 1 ಹಿಡಿಯುವ ಕಡೆ ಇವನು ಅರ್ಧ ಹಿಡಿದಿದ್ದ, ಹಾಗಾಗಿ 7ರ ಜಾಗಕ್ಕೆ ಆರೂವರೆ ಬಂದಿತ್ತು. ಲೆಕ್ಕ ಸರಿಯಾಗಿಯೇ ಇತ್ತು.